29 ವಾರಕ್ಕೆ ಹುಟ್ಟಿದ ಮಗುವಿಗೆ ಡಿಎಚ್‌ಎ ಡ್ರಾಪ್ಸ್ ಕೊಟ್ಟರೆ ಕರುಳಿನ ಕಾಯಿಲೆ ಬರದಂತೆ ತಡೆಯಬಹುದಾ?

ಸದ್ಯಕ್ಕೆ ಆ ಡ್ರಾಪ್ಸ್ ಕೊಡಬೇಡಿ. ಬಾಟಲಿ ತಂದಾಗಿದ್ದರೆ ಮುಚ್ಚಳ ತೆಗೆಯದೆ ಬ್ಯಾಗಿನಲ್ಲೇ ಇಟ್ಟಿರಿ. ನಾಳೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಅವರ ಕೈಗೆ ಕೊಟ್ಟು ತೋರಿಸಿ.

ನೀವು ಬರೆದಿರುವುದು ಇಷ್ಟು: ಊರು ತೀರ್ಥಹಳ್ಳಿ ಕಡೆ, ಮಗು 29 ವಾರಕ್ಕೇ ಹುಟ್ಟಿದೆ, ತೂಕ 1100 ಗ್ರಾಂ, ಈಗ ಶಿವಮೊಗ್ಗದಲ್ಲಿ ಎನ್‌ಐಸಿಯುನಲ್ಲಿದೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಟ್ಯೂಬ್‌ನಲ್ಲಿ ಹಾಲು ಕೊಡುತ್ತಿದ್ದಾರೆ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಿದ್ದಾರೆ. ಪಕ್ಕದ ವಾರ್ಮರಿನ ಮಗುವಿಗೆ ಹೊಟ್ಟೆ ಉಬ್ಬಿ ಎನ್‌ಇಸಿ ಅನ್ನುವ ಕರುಳಿನ ಕಾಯಿಲೆ ಅಂತ ಹಾಲು ನಿಲ್ಲಿಸಿದ್ದನ್ನು ನೋಡಿ ನಿಮಗೆ ಹೆದರಿಕೆ ಆಗಿದೆ. ಅಷ್ಟರಲ್ಲಿ ಬೆಂಗಳೂರಿನ ನಿಮ್ಮ ಭಾವ, ಮೀನೆಣ್ಣೆಯಲ್ಲಿರುವ ಡಿಎಚ್‌ಎ ಅನ್ನುವ ಕೊಬ್ಬಿನಂಶ ಕೊಟ್ಟರೆ ಈ ಕಾಯಿಲೆ ಬರಲ್ಲ ಅಂತ ಹೇಳಿದ್ದಾರೆ. ನಿಮ್ಮ ಮನೆಯವರು, ಅಂದರೆ ಮಗುವಿನ ತಾಯಿ, ಮೀನು ಮೊಟ್ಟೆ ಮುಟ್ಟದವರು, ಅವರ ಹಾಲಿನಲ್ಲಿ ಈ ಅಂಶವೇ ಇಲ್ಲವೇನೋ ಅನ್ನುವ ಚಿಂತೆ ಬೇರೆ.

ನಾನೂ ತೀರ್ಥಹಳ್ಳಿ ತಾಲ್ಲೂಕಿನವಳೇ. ಶಿವಮೊಗ್ಗದಲ್ಲಿ ನವಜಾತ ಶಿಶುಗಳ ಘಟಕದಲ್ಲಿ ಸ್ಟಾಫ್ ನರ್ಸ್ ಆಗಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಈ ಕಾಯಿಲೆಯನ್ನು ಹತ್ತಿರದಿಂದ ನೋಡಿದ್ದೇನೆ, ಡಿಎಚ್‌ಎ ಬಗ್ಗೆಯೂ ಕೂತು ಓದಿದ್ದೇನೆ, ಯಾಕೆಂದರೆ ಈಚೆಗೆ ಈ ಪ್ರಶ್ನೆ ಕೇಳುವ ಅಪ್ಪ ಅಮ್ಮಂದಿರು ಜಾಸ್ತಿ ಆಗಿದ್ದಾರೆ.

ಮೊದಲು ಕಾಯಿಲೆ ಏನು ಅಂತ ಹೇಳುತ್ತೇನೆ. ಎನ್‌ಇಸಿ ಅಂದರೆ ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್. ಕರುಳಿನ ಗೋಡೆಗೆ ಉರಿಯೂತ ಬಂದು, ಜೋರಾದರೆ ಆ ಭಾಗವೇ ಸತ್ತುಹೋಗುವ ಕಾಯಿಲೆ. ದಿನ ತುಂಬಿದ ಮಕ್ಕಳಿಗೆ ಅಪರೂಪ. ತಿಂಗಳು ತುಂಬದ ಮಗುವಿನ ಕರುಳು ಗಾರೆ ಒಣಗದ ಗೋಡೆ ಇದ್ದ ಹಾಗೆ: ಕಟ್ಟಿದ್ದಾರೆ, ನಿಂತಿದೆ, ಆದರೆ ಇನ್ನೂ ಗಟ್ಟಿಯಾಗಿಲ್ಲ. ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಹೋಗುತ್ತವೆ. ಆ ಮಗುವಿನ ಕರುಳಿಗೆ ಇನ್ನೊಂದು ಸ್ವಭಾವ ಇದೆ, ಬ್ಯಾಕ್ಟೀರಿಯಾ ಕಂಡರೆ ಬೇಕಾದದ್ದಕ್ಕಿಂತ ಹೆಚ್ಚು ಸಿಟ್ಟಾಗುತ್ತದೆ. ಟಿಎಲ್‌ಆರ್4 ಅನ್ನುವ ಒಂದು ಪ್ರೋಟೀನ್ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಉರಿಯೂತ ಏರುತ್ತದೆ, ರಕ್ತದ ಓಟ ಕಡಿಮೆ ಆಗುತ್ತದೆ, ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಸೋತುಹೋಗಿರುವುದನ್ನು ನೋಡಿದ್ದೇನೆ.

1500 ಗ್ರಾಂಗಿಂತ ಕಡಿಮೆ ತೂಕದ 100 ಮಕ್ಕಳಲ್ಲಿ ಸುಮಾರು 5ರಿಂದ 10 ಮಕ್ಕಳಿಗೆ ಇದು ಬರುತ್ತದೆ. ಬಂದ 100ರಲ್ಲಿ 20ರಿಂದ 30 ಮಕ್ಕಳು ಉಳಿಯುವುದಿಲ್ಲ. ಇದನ್ನು ಹೇಳಲು ನನಗೆ ಸಂಕಟ ಆಗುತ್ತದೆ. ಆದರೆ ಮೊದಲನೇ ಲೆಕ್ಕವನ್ನು ಇನ್ನೊಂದು ಸಲ ಓದಿ, 90ಕ್ಕೂ ಹೆಚ್ಚು ಮಕ್ಕಳಿಗೆ ಇದು ಬರುವುದೇ ಇಲ್ಲ. ಪಕ್ಕದ ಮಗುವಿನಿಂದ ನಿಮ್ಮ ಮಗುವಿಗೆ ಶೀತ ಕೆಮ್ಮಿನ ಹಾಗೆ ಹಾರಿ ಬರುವ ಕಾಯಿಲೆಯೂ ಅಲ್ಲ. ಆದರೂ ಒಂದೇ ವಾರ್ಡಿನಲ್ಲಿ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವುದು ಉಂಟು, ಅದಕ್ಕೇ ನಾವು ಕೈ ತೊಳೆಯಿರಿ ತೊಳೆಯಿರಿ ಅಂತ ಅಷ್ಟು ಹೇಳುವುದು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ಉಂಗುರ ವಾಚು ತೆಗೆದು ಮೊಣಕೈವರೆಗೆ ತೊಳೆದೇ ಒಳಗೆ ಬನ್ನಿ.

ಈಗ ನಿಮ್ಮ ಭಾವ ಹೇಳಿದ ವಿಷಯ. ಅವರು ಸುಮ್ನೆ ಹೇಳಿದ್ದಲ್ಲ, ಅದರ ಹಿಂದೆ ಒಂದು ನಿಜವಾದ ಆಸೆ ಇದೆ. ಡಿಎಚ್‌ಎ ಒಮೆಗಾ-3 ಜಾತಿಯ ಕೊಬ್ಬಿನ ಆಮ್ಲ. ಅದರ ಜೊತೆ ಹೇಳಬೇಕಾದ ಇನ್ನೊಂದು, ಅರಾಕಿಡೋನಿಕ್ ಆಮ್ಲ, ಎಆರ್‌ಎ ಅಂತಾರೆ, ಅದು ಒಮೆಗಾ-6 ಜಾತಿ. ಮಗು ಇವೆರಡನ್ನೂ ತಾಯಿಯಿಂದ ಹೆಚ್ಚಾಗಿ ಪಡೆಯುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಮಿದುಳು, ಕಣ್ಣಿನ ರೆಟಿನಾ, ಪ್ರತಿಯೊಂದು ಜೀವಕೋಶದ ಹೊದಿಕೆ, ಎಲ್ಲದಕ್ಕೂ ಬೇಕು. ನಿಮ್ಮ ಮಗುವಿಗೆ ಆ ಮೂರು ತಿಂಗಳು ಸಿಗಲೇ ಇಲ್ಲ ಅಲ್ವಾ? ಹಾಗಾಗಿ ಕೊರತೆ ಇರುವುದು ನಿಜ. ಡಿಎಚ್‌ಎಯಿಂದ ದೇಹ ಉರಿಯೂತ ತಣಿಸುವ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ ಅನ್ನುವುದೂ ನಿಜ. ಉರಿಯೂತದ ಕಾಯಿಲೆಗೆ ಉರಿಯೂತ ತಣಿಸುವ ಕೊಬ್ಬು ಕೊಡೋಣ ಅಂತ ಯಾರಿಗಾದರೂ ಅನಿಸುತ್ತದೆ.

ಇಲಿ ಮರಿಗಳಲ್ಲಿ ಮಾಡಿ ನೋಡಿದರು, ಕಾಯಿಲೆ ಕಡಿಮೆ ಆಯಿತು. 1998ರಲ್ಲಿ ಅಮೆರಿಕದಲ್ಲಿ ಮೊಟ್ಟೆಯ ಕೊಬ್ಬಿನ ಅಂಶ ಸೇರಿಸಿದ ಫಾರ್ಮುಲಾ, ಅಂದರೆ ಡಬ್ಬದ ಹಾಲು, ಕೊಟ್ಟ ತಿಂಗಳು ತುಂಬದ ಮಕ್ಕಳಲ್ಲಿ ಎನ್‌ಇಸಿ ಕಡಿಮೆ ಕಂಡಿತು. ಅದರಲ್ಲಿ ಡಿಎಚ್‌ಎ, ಎಆರ್‌ಎ ಎರಡೂ ಇದ್ದವು. 2021ರಲ್ಲಿ ಮೆಕ್ಸಿಕೋದಲ್ಲಿ 225 ಮಕ್ಕಳ ಒಂದು ಪ್ರಯೋಗ ಪ್ರಕಟವಾಯಿತು. ಹಾಲು ಶುರು ಮಾಡಿದ ದಿನದಿಂದ 14 ದಿನ, ಕೆಜಿ ತೂಕಕ್ಕೆ 75 ಮಿಲಿಗ್ರಾಂ ಡಿಎಚ್‌ಎ ಕೊಟ್ಟಿದ್ದರು. ಅಲ್ಲೂ ಡಿಎಚ್‌ಎ ಪಡೆದ ಮಕ್ಕಳಲ್ಲಿ ಎನ್‌ಇಸಿ ಕಡಿಮೆ. ನಿಮ್ಮ ಭಾವ ಓದಿದ್ದು ಇಂಥದ್ದೇ ಯಾವುದೋ ಇರಬೇಕು.

ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ. ಇದಕ್ಕಿಂತ ಬಹಳ ದೊಡ್ಡ ಪ್ರಯೋಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಾಪುರದ ಆಸ್ಪತ್ರೆಗಳು ಸೇರಿ ಮಾಡಿದ್ದು, 2017ರಲ್ಲಿ ಫಲಿತಾಂಶ ಬಂತು. 29 ವಾರಕ್ಕಿಂತ ಮುಂಚೆ ಹುಟ್ಟಿದ 1273 ಮಕ್ಕಳು. ದಿನಕ್ಕೆ ಕೆಜಿಗೆ 60 ಮಿಲಿಗ್ರಾಂ ಡಿಎಚ್‌ಎ. ಅವರು ಮುಖ್ಯವಾಗಿ ನೋಡಿದ್ದು ಶ್ವಾಸಕೋಶವನ್ನು, ಡಿಎಚ್‌ಎಯಿಂದ ಶ್ವಾಸಕೋಶದ ದೀರ್ಘಕಾಲದ ತೊಂದರೆ ಕಡಿಮೆ ಆಗಬಹುದು ಅಂತ. ಆಗಲಿಲ್ಲ. ಡಿಎಚ್‌ಎ ಪಡೆದವರಲ್ಲಿ 49.1 ಶೇಕಡಾ, ಪಡೆಯದವರಲ್ಲಿ 43.9 ಶೇಕಡಾ ಮಕ್ಕಳಿಗೆ ಆ ತೊಂದರೆ ಬಂತು, ಅಂದರೆ ಕಡಿಮೆ ಆಗುವುದಿರಲಿ, ಸ್ವಲ್ಪ ಜಾಸ್ತಿಯೇ ಆಯಿತೇನೋ ಅನ್ನುವ ಹಾಗೆ. ಎನ್‌ಇಸಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಮೇಲೆ ಕೆನಡಾದಲ್ಲಿ ಮಗುವಿಗೆ ಕೊಡುವ ಬದಲು ಹಾಲು ಕೊಡುವ ತಾಯಂದಿರಿಗೇ ದಿನಕ್ಕೆ 1.2 ಗ್ರಾಂ ಡಿಎಚ್‌ಎ ಕೊಟ್ಟು ನೋಡಿದರು. ಅಲ್ಲೂ ಶ್ವಾಸಕೋಶದ ಲೆಕ್ಕ ಒಳ್ಳೆಯ ಕಡೆಗೆ ಹೋಗಲಿಲ್ಲ, ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಆ ಫಲಿತಾಂಶ 2020ರಲ್ಲಿ ಬಂತು.

ಇಷ್ಟು ಓದಿ ಡಿಎಚ್‌ಎ ಕೆಟ್ಟದ್ದು ಅಂತ ತಿಳಿಯಬೇಡಿ. ಆಸ್ಟ್ರೇಲಿಯಾದ ಆ ಮಕ್ಕಳಲ್ಲಿ ಒಂದಷ್ಟು ಜನರನ್ನು 5 ವರ್ಷ ಆದಾಗ ಪರೀಕ್ಷೆ ಮಾಡಿದರು. ಡಿಎಚ್‌ಎ ಪಡೆದವರ ಬುದ್ಧಿಮತ್ತೆಯ ಅಂಕ ಸರಾಸರಿ ಮೂರೂವರೆಯಷ್ಟು ಮೇಲಿತ್ತು. ಸ್ವೀಡನ್ನಿನಲ್ಲಿ 28 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಕೆಜಿಗೆ ಡಿಎಚ್‌ಎ 50, ಎಆರ್‌ಎ 100 ಮಿಲಿಗ್ರಾಂ, ಎರಡನ್ನೂ ಸೇರಿಸಿ ಕೊಟ್ಟಾಗ ಕಣ್ಣಿನ ರೆಟಿನಾದ ತೀವ್ರ ತೊಂದರೆ, ಆರ್‌ಒಪಿ ಅಂತೀವಲ್ಲ, ಅದು 33.3ರಿಂದ 15.8 ಶೇಕಡಾಕ್ಕೆ ಇಳಿಯಿತು. ಸಣ್ಣ ಮಾತಲ್ಲ ಅದು. ನನಗೆ ಈ ಎಲ್ಲ ಓದಿನಲ್ಲಿ ನಿಜವಾಗಿ ಖುಷಿ ಕೊಟ್ಟಿದ್ದು ಅದೇ. ಅದಕ್ಕೇ ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2022ರಲ್ಲಿ ತಿಂಗಳು ತುಂಬದ ಮಕ್ಕಳಿಗೆ ಕೆಜಿಗೆ ದಿನಕ್ಕೆ ಡಿಎಚ್‌ಎ 30ರಿಂದ 65, ಎಆರ್‌ಎ 30ರಿಂದ 100 ಮಿಲಿಗ್ರಾಂ ಸಿಗಬೇಕು ಅಂತ ಹೇಳಿತು. ಗಮನಿಸಿ, ಇದು ಎದೆಹಾಲಿನಲ್ಲಿ ಬರುವುದನ್ನೂ ಸೇರಿಸಿದ ಲೆಕ್ಕ. ಕಣ್ಣಿಗೆ, ಮಿದುಳಿಗೆ ಅಂತ ಡಾಕ್ಟರ್ ಯೋಚಿಸಿ ಕೊಟ್ಟರೆ ಅದು ಬೇರೆ ಮಾತು. ಕರುಳಿನ ಕಾಯಿಲೆ ತಡೆಯುತ್ತದೆ ಅಂತ ಕೊಡುವಷ್ಟು ಗಟ್ಟಿ ಆಧಾರ ಇನ್ನೂ ಇಲ್ಲ.

ಅಂಗಡಿಯಲ್ಲಿ ಸಿಗುವ ಡ್ರಾಪ್ಸ್ ಬೇರೆ, ಪ್ರಯೋಗದಲ್ಲಿ ಕೊಟ್ಟಿದ್ದು ಬೇರೆ. ಅಂಗಡಿ ಬಾಟಲಿ ಸಾಮಾನ್ಯವಾಗಿ ದಿನ ತುಂಬಿದ, ದೊಡ್ಡ ಮಕ್ಕಳನ್ನು ನೋಡಿ ಮಾಡಿದ್ದು. ಸಿಹಿ, ವಾಸನೆ, ಕೆಡದಂತೆ ಹಾಕುವ ವಸ್ತು, ಏನೇನೋ ಇರುತ್ತದೆ. ಅಂಥ ಮಂದವಾದ ದ್ರವ 1100 ಗ್ರಾಂ ಮಗುವಿನ ಕರುಳಿಗೆ ಹೋದರೆ ಅದೇ ಒಂದು ಹೊರೆ. ಒಂದೊಂದು ಕಂಪನಿಯದ್ದರಲ್ಲಿ ಒಂದೊಂದು ಪ್ರಮಾಣ, ಒಂದು ಹನಿ ಎಣಿಕೆ ತಪ್ಪಿದರೆ ಈ ತೂಕಕ್ಕೆ ಅದು ದೊಡ್ಡ ತಪ್ಪು. ಹೆಚ್ಚಿನದರಲ್ಲಿ ಡಿಎಚ್‌ಎ ಮಾತ್ರ ಇರುತ್ತದೆ, ಎಆರ್‌ಎ ಇರುವುದಿಲ್ಲ. ಒಂದನ್ನೇ ಸುರಿದರೆ ಇನ್ನೊಂದು ಕೆಳಗೆ ಇಳಿಯುತ್ತದೆ. ಎಣ್ಣೆ ಟ್ಯೂಬಿನ ಗೋಡೆಗೆ ಅಂಟಿಕೊಂಡು ಮಗುವಿಗೆ ಎಷ್ಟು ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಬಾಯಿಗೆ ಹನಿಸಿದರೆ ಇನ್ನೂ ಅಪಾಯ. ನುಂಗಲು ಬರದ ಮಗು ಅದು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಪ್ರೊಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಔಷಧಿ, ಅದರ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಡಿಎಚ್‌ಎಗಿಂತ ಹೆಚ್ಚು ಆಧಾರ ಇದೆ. ಆದರೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಒಂದು ಮಗು ತೀರಿಕೊಂಡ ಮೇಲೆ, ತಿಂಗಳು ತುಂಬದ ಮಕ್ಕಳಿಗೆ ಕೊಡುವಾಗಿನ ಅಪಾಯದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದೂ ಡಾಕ್ಟರ್ ನಿರ್ಧಾರವೇ, ಮೆಡಿಕಲ್ ಶಾಪಿನಿಂದ ತರುವ ವಸ್ತು ಅಲ್ಲ.

ಹಾಗಾದರೆ ನಾನೇನು ಮಾಡಲಿ ಅಂತ ಕೇಳುತ್ತೀರಿ. ನಿಮ್ಮ ದುಡ್ಡು, ನಿಮ್ಮ ಓಡಾಟ, ಮನೆಯವರೆಲ್ಲರ ಗಮನ ಈಗ ಒಂದೇ ಕಡೆಗೆ ಹೋಗಬೇಕು: ತಾಯಿಯ ಹಾಲು. ಎನ್‌ಇಸಿ ತಡೆಯಲು ಮನೆಯವರ ಕೈಯಲ್ಲಿರುವ ಅತಿ ದೊಡ್ಡ ಸಾಧನ ಅದೇ. ದಾನಿ ತಾಯಿಯ ಹಾಲಿಗೆ ಹೋಲಿಸಿದರೂ ಫಾರ್ಮುಲಾ ಕುಡಿದ ಮಕ್ಕಳಲ್ಲಿ ಎನ್‌ಇಸಿ ಸುಮಾರು ದುಪ್ಪಟ್ಟು ಕಂಡಿದೆ. ಹೆತ್ತ ತಾಯಿಯ ಹಾಲು ಇವೆರಡಕ್ಕಿಂತ ಮೇಲು. ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ವಸ್ತುಗಳಿವೆ, ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಬೇಕಾದ ಸಕ್ಕರೆಗಳಿವೆ, ಕರುಳು ಬಲಿಯಲು ಬೇಕಾದದ್ದಿದೆ, ನೀವು ಹುಡುಕುತ್ತಿರುವ ಡಿಎಚ್‌ಎ, ಎಆರ್‌ಎ ಕೂಡ ಅದರಲ್ಲೇ ಇದೆ. ಅದೂ ಮಗುವಿನ ಕರುಳು ತೆಗೆದುಕೊಳ್ಳಬಲ್ಲ ರೂಪದಲ್ಲಿ.

ಹಾಲು ಸಾಕಾಗುತ್ತಿಲ್ಲ ಅಂತ ನಿಮ್ಮ ಮನೆಯವರು ಕಣ್ಣೀರು ಹಾಕುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಅವರಿಗೆ ಹೇಳಿ, ಮಗು ಚೀಪದೇ ಇರುವಾಗ ಹಾಲು ತಾನಾಗಿ ಹೆಚ್ಚುವುದಿಲ್ಲ, ಹಿಂಡಿ ತೆಗೆದಷ್ಟೂ ಬರುತ್ತದೆ. ದಿನಕ್ಕೆ 8 ಸಲವಾದರೂ ತೆಗೆಯಬೇಕು, ರಾತ್ರಿ ಒಂದು ಸಲವಾದರೂ ಎದ್ದು. ಶುರುವಿನಲ್ಲಿ ಕೆಲವೇ ಹನಿ ಬಂದರೂ ಚೆಲ್ಲಬೇಡಿ. ಈ ಮಗುವಿಗೆ ಹನಿಯೇ ಊಟ. ಪಂಪ್ ಬೇಕು ಅಂತೇನಿಲ್ಲ, ಕೈಯಲ್ಲಿ ತೆಗೆಯುವುದನ್ನು ವಾರ್ಡಿನ ಸಿಸ್ಟರ್ ಹೇಳಿಕೊಡುತ್ತಾರೆ, ಕೇಳಲು ಸಂಕೋಚ ಬೇಡ. ತೆಗೆಯುವ ಬಟ್ಟಲು ಕುದಿಸಿದ್ದಾಗಿರಬೇಕು.

ಇನ್ನೊಂದು ಮಾತು. ಅವರನ್ನು ಊರಿಗೆ ಕರೆದುಕೊಂಡು ಹೋಗಿ ಅಲ್ಲಿಂದ ಹಾಲು ತರುತ್ತೇವೆ ಅನ್ನುವವರು ಇದ್ದಾರೆ. ಬೇಡ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಡ್ಜ್ ನಿಂತಿದ್ದರಂತೂ, ಆ ಹಾಲಿನ ಮೇಲೆ ನಮಗೆ ನಂಬಿಕೆ ಇರುವುದಿಲ್ಲ. ಹೊರಗಿಟ್ಟ ಹಾಲನ್ನು 4 ಗಂಟೆಯೊಳಗೆ ಕೊಡಬೇಕು, ಫ್ರಿಡ್ಜಿನಲ್ಲಿ ಇಟ್ಟರೆ 24 ಗಂಟೆ. ಬಾಣಂತಿ ಆಸ್ಪತ್ರೆಯಲ್ಲೇ ಅಥವಾ ಹತ್ತಿರದಲ್ಲೇ ಉಳಿದರೆ ತಾಜಾ ಹಾಲು ಸಿಗುತ್ತದೆ, ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರುವ ಕಾಂಗರೂ ಕೇರ್ ಕೂಡ ಆಗುತ್ತದೆ. ಹಾಗೆ ಕೂತ ತಾಯಂದಿರಿಗೆ ಹಾಲು ಬೇಗ ಹೆಚ್ಚುತ್ತದೆ. ಡಾಕ್ಟರ್ ಒಪ್ಪಿದರೆ ನೀವೂ ಅಂಗಿ ತೆಗೆದು ಮಗುವನ್ನು ಎದೆಗೆ ಹಾಕಿಕೊಳ್ಳಬಹುದು, ಅಪ್ಪಂದಿರೂ ಮಾಡುವ ಕೆಲಸ ಅದು.

ಹಾಲು ಎಷ್ಟು ಮಾಡಿದರೂ ಸಾಲದಿದ್ದರೆ ದಾನಿ ಹಾಲಿನ ಬಗ್ಗೆ ಡಾಕ್ಟರನ್ನು ಕೇಳಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಮೃತಧಾರೆ ಅನ್ನುವ ಎದೆಹಾಲಿನ ಬ್ಯಾಂಕ್ ಶುರುವಾಯಿತು, ಅಂಥ ಕಡೆ ಹಾಲನ್ನು ಪರೀಕ್ಷೆ ಮಾಡಿ, ಬಿಸಿ ಮಾಡಿ ಶುದ್ಧ ಮಾಡಿ ಕೊಡುತ್ತಾರೆ. ಪಕ್ಕದ ಬೆಡ್ಡಿನ ತಾಯಿಯ ಹಾಲನ್ನು ಹಾಗೇ ತಂದು ಕೊಡುವುದು ಬೇಡ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವ ಮಾತಂತೂ ಬೇಡವೇ ಬೇಡ.

ಡಾಕ್ಟರ್ ಎದೆಹಾಲಿಗೆ ಎಚ್‌ಎಂಎಫ್ ಅನ್ನುವ ಪುಡಿ ಬೆರೆಸಲು ಹೇಳಬಹುದು. ಅದನ್ನು ಫಾರ್ಮುಲಾ ಅಂದುಕೊಂಡು ಗಾಬರಿಯಾಗುವವರು ಬಹಳ. ಇಷ್ಟು ಸಣ್ಣ ಮಗುವಿಗೆ ಬೇಕಾದ ಪ್ರೋಟೀನ್, ಕ್ಯಾಲ್ಸಿಯಂ ಎದೆಹಾಲೊಂದರಲ್ಲೇ ಸಾಲುವುದಿಲ್ಲ, ಅದಕ್ಕೆ ಸೇರಿಸುವುದು. ಹಾಗೇ, ದಿನಾ ಹಾಲು ಹೆಚ್ಚಿಸುತ್ತಿದ್ದಾರಲ್ಲ, ನಿಧಾನ ಮಾಡಿದರೆ ಒಳ್ಳೆಯದಲ್ವಾ ಅನ್ನುವ ನಿಮ್ಮ ಪ್ರಶ್ನೆ. ಬ್ರಿಟನ್, ಐರ್ಲೆಂಡಿನಲ್ಲಿ 2800ಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನೇ ನೋಡಿದ್ದಾರೆ, 2019ರಲ್ಲಿ ಬಂತು. ದಿನಕ್ಕೆ ಕೆಜಿಗೆ 18 ಎಂಎಲ್ ಹೆಚ್ಚಿಸಿದರೂ 30 ಎಂಎಲ್ ಹೆಚ್ಚಿಸಿದರೂ ಎನ್‌ಇಸಿಯಲ್ಲಿ ವ್ಯತ್ಯಾಸ ಇಲ್ಲ. ಮಗುವನ್ನು ಹಸಿವಿನಲ್ಲಿಟ್ಟರೆ ಕರುಳು ಉಳಿಯುತ್ತದೆ ಅನ್ನುವುದು ಸರಿಯಲ್ಲ. ಡಾಕ್ಟರ್ ಹೆಚ್ಚಿಸುತ್ತಿದ್ದಾರೆ ಅಂದರೆ ಮಗು ತಡೆದುಕೊಳ್ಳುತ್ತಿದೆ ಅಂತ ಅರ್ಥ, ಸಂತೋಷ ಪಡಿ.

ಈಗ ಬಾಣಂತಿ ಊಟ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಾಣಂತಿಗೆ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಅನ್ನ, ಅಷ್ಟೇ. ತರಕಾರಿ ಶೀತ, ಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನಮ್ಮ ಅಮ್ಮನೂ ಹಾಗೇ ಮಾಡಿದ್ದು. ಆದರೆ ಬಾಯಾರಿ ಕೂತ ತಾಯಿ ದಿನಕ್ಕೆ 8 ಸಲ ಹಾಲು ಹೇಗೆ ಹಿಂಡುತ್ತಾಳೆ? ನೀರಡಿಕೆ ಆದಾಗೆಲ್ಲ ನೀರು ಕುಡಿಯಲಿ. ಬೇಳೆ, ಕಾಳು, ಸೊಪ್ಪು, ಮೊಸರು, ಹಣ್ಣು ತಿನ್ನಲಿ. ನಿಮ್ಮ ಅತ್ತೆಯವರು ಒಪ್ಪದಿದ್ದರೆ ಡಾಕ್ಟರ್ ಬಾಯಲ್ಲೇ ಹೇಳಿಸಿ. ಹಿರಿಯರಿಗೆ ನಾವು ಹೇಳಿದರೆ ಜಗಳ ಆಗುತ್ತದೆ, ಡಾಕ್ಟರ್ ಹೇಳಿದರೆ ಕೇಳುತ್ತಾರೆ.

ಹಾಲಿನಲ್ಲಿ ಡಿಎಚ್‌ಎ ಎಷ್ಟಿರುತ್ತದೆ ಅನ್ನುವುದು ತಾಯಿ ಏನು ತಿನ್ನುತ್ತಾಳೆ ಅನ್ನುವುದರ ಮೇಲೆ ನಿಂತಿದೆ, ಅದು ನಿಜ. ಲೋಕದ ಸರಾಸರಿ ನೋಡಿದರೆ ಎದೆಹಾಲಿನ ಕೊಬ್ಬಿನ ಆಮ್ಲಗಳಲ್ಲಿ ಡಿಎಚ್‌ಎ ಸುಮಾರು 0.32 ಶೇಕಡಾ. ಮೀನು ತಿನ್ನುವವರಲ್ಲಿ ಜಾಸ್ತಿ, ತಿನ್ನದವರಲ್ಲಿ ಕಡಿಮೆ. ಇದನ್ನು ಓದುವ ಬೇರೆಯವರಿಗೆ ಹೇಳುವುದಾದರೆ, ಮೀನು ತಿನ್ನುವ ಮನೆಯಾದರೆ ಬಾಣಂತಿಗೆ ಮೀನು ನಿಲ್ಲಿಸಬೇಡಿ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಯಂಥ ಸಣ್ಣ ಸಮುದ್ರ ಮೀನು ಅಗ್ಗ, ಡಿಎಚ್‌ಎ ಅದರಲ್ಲೇ ಚೆನ್ನಾಗಿದೆ. ಶಾರ್ಕ್‌ನಂಥ ದೊಡ್ಡ ಮೀನಿನಲ್ಲಿ ಪಾದರಸ ಇರುತ್ತದೆ, ಅದು ಬೇಡ. ಸಸ್ಯಾಹಾರಿಗಳಿಗೆ ಅಗಸೆ, ಅಕ್ರೋಟು ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ತಿನ್ನಲಿ, ಒಳ್ಳೆಯದೇ. ಆದರೆ ಅದರಲ್ಲಿರುವುದು ಬೇರೆ ಒಮೆಗಾ-3, ದೇಹ ಅದನ್ನು ಡಿಎಚ್‌ಎ ಆಗಿ ಬದಲಾಯಿಸುವುದು ಬಹಳ ಕಡಿಮೆ. ಪಾಚಿಯಿಂದ ತೆಗೆದ ಡಿಎಚ್‌ಎ ಕ್ಯಾಪ್ಸೂಲ್ ಇದೆ, ಅದಕ್ಕೆ ಮೀನಿನ ಸಂಬಂಧವಿಲ್ಲ. ಕೆನಡಾದಲ್ಲಿ ತಾಯಂದಿರಿಗೆ ಕೊಟ್ಟಿದ್ದೂ ಪಾಚಿಯದ್ದೇ. ಅಷ್ಟು ದೊಡ್ಡ ಪ್ರಮಾಣದಲ್ಲಿ ಏನಾಯಿತು ಅಂತ ಮೇಲೆ ಹೇಳಿದ್ದೇನೆ, ಹಾಗಾಗಿ ನಿಮ್ಮ ಮನೆಯವರಿಗೆ ಕೊಡಬೇಕಾ, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಡಿಎಚ್‌ಎ ಸ್ವಲ್ಪ ಕಡಿಮೆ ಇರುವ ಸಸ್ಯಾಹಾರಿ ತಾಯಿಯ ಹಾಲು ಕೂಡ ಯಾವ ಡಬ್ಬದ ಹಾಲಿಗಿಂತಲೂ ಈ ಕರುಳಿಗೆ ಒಳ್ಳೆಯದು. ಇದನ್ನು ಅವರಿಗೆ ಇವತ್ತೇ ಹೇಳಿ, ತನ್ನ ಹಾಲಿನಲ್ಲಿ ಏನೋ ಕೊರತೆ ಇದೆ ಅಂತ ಒಂದು ದಿನವೂ ಅವರು ಕೊರಗಬಾರದು.

ಯಾವ ಲಕ್ಷಣ ನೋಡಬೇಕು ಅಂತ ಕೇಳಿದ್ದೀರಿ. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಚರ್ಮ ಹೊಳೆಯುವುದು, ಹಸಿರು ವಾಂತಿ ಅಥವಾ ಟ್ಯೂಬಿನಲ್ಲಿ ಹಸಿರು ಬಣ್ಣ, ಮಲದಲ್ಲಿ ರಕ್ತ, ಮಗು ಅಲುಗಾಡದೆ ಮಂಕಾಗುವುದು, ಉಸಿರು ಮಧ್ಯೆ ಮಧ್ಯೆ ನಿಲ್ಲುವುದು. ಇಷ್ಟು ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚಾಗಿ ಹುಟ್ಟಿದ ಎರಡು ಮೂರು ವಾರದ ಹೊತ್ತಿಗೆ ಬರುತ್ತದೆ. ಅನುಮಾನ ಬಂದರೆ ಹಾಲು ನಿಲ್ಲಿಸಿ, ಎಕ್ಸ್‌ರೇ ತೆಗೆಸಿ, ಆಂಟಿಬಯಾಟಿಕ್ ಶುರು ಮಾಡುತ್ತಾರೆ, ರಕ್ತನಾಳದ ಮೂಲಕ ಆಹಾರ ಕೊಡುತ್ತಾರೆ. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿ ಕಂಡರೆ ಕಾಯಿಲೆ ಖಚಿತ. ತುಂಬಾ ಮಕ್ಕಳು ಆಪರೇಷನ್ ಇಲ್ಲದೆಯೇ ಹುಷಾರಾಗುತ್ತಾರೆ. ಕರುಳು ತೂತಾದರೆ ಮಾತ್ರ ಸರ್ಜನ್ ಬೇಕೇ ಬೇಕು. ಮಗು ಹತ್ತಿರ ಕೂತಾಗ ಏನಾದರೂ ಬೇರೆ ಥರ ಅನಿಸಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಇವತ್ತು ಯಾಕೋ ಮಗು ಸರಿ ಇಲ್ಲ ಅಂತ ಮೊದಲು ಗುರುತಿಸಿದ್ದು ತಾಯಿಯೇ ಆಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಬಜೆ ತೇಯ್ದು ನೆಕ್ಕಿಸುವುದು, ಜೇನು, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ. ಒಳಲೆಯಲ್ಲಿ ಕುಡಿಸುವುದಾದರೆ ಪ್ರತಿ ಸಲ ಕುದಿಸಿದ ಒಳಲೆ, ಅದರಲ್ಲಿ ಎದೆಹಾಲು ಮಾತ್ರ, ಜೊತೆಗೆ ಡಾಕ್ಟರ್ ಬರೆದ ವಿಟಮಿನ್ ಡಿ ಮತ್ತು ಕಬ್ಬಿಣದ ಹನಿ.

ಕಣ್ಣಿನ ಪರೀಕ್ಷೆ ಮರೆಯಬೇಡಿ. ನಿಮ್ಮ ಮಗುವಿನ ತೂಕ 1200 ಗ್ರಾಂಗಿಂತ ಕಡಿಮೆ ಇರುವುದರಿಂದ ಆರ್‌ಒಪಿ ತಪಾಸಣೆ ಹುಟ್ಟಿ 2ರಿಂದ 3 ವಾರದೊಳಗೇ ಆಗಬೇಕು, ಆಮೇಲೆ ಡಾಕ್ಟರ್ ಹೇಳಿದ ತಾರೀಖಿಗೆಲ್ಲ ಮತ್ತೆ ಮತ್ತೆ. ನಾಳೆ ರೌಂಡ್ಸಿನಲ್ಲಿ ಡ್ರಾಪ್ಸ್ ಬಗ್ಗೆ ಕೇಳುವಾಗ ಇದನ್ನೂ ಕೇಳಿ, ಮೊದಲ ತಪಾಸಣೆಯ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.